ಫಾಲ್ಸ್ ಆಫ್ ದಿ ಓಹಾಯೋ: 39 ಕೋಟಿ ವರ್ಷದ ಹವಳದ ಮೇಲೆ ಓಡಾಡಬೇಕು ಅಂದ್ರೆ ಇಲ್ಲಿಗೆ ಹೋಗಿ

ಸಿನ್ಸಿನಾಟಿ, ಲೂಯಿವಿಲ್, ಇಂಡಿಯಾನಾಪೊಲಿಸ್ ಕಡೆ ಇರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಮಾಡುವುದು ಹೆಚ್ಚುಕಡಿಮೆ ಒಂದೇ. ಒಂದು ನಯಾಗರಾ, ಒಂದು ಷಿಕಾಗೊ, ಒಂದೆರಡು ದೇವಸ್ಥಾನ, ಉಳಿದ ದಿನ ಮಾಲ್. ಸಿನ್ಸಿನಾಟಿಯಿಂದ ಕಾರಲ್ಲಿ ಎರಡು ಗಂಟೆಯೂ ಬೇಡ, ಇಂಥ ಜಾಗ ಪಕ್ಕದಲ್ಲೇ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನನ್ನ ಕಡೆಯಿಂದ 5ಕ್ಕೆ 5. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಇಲ್ಲಿ ನೋಡಬೇಕಾದ್ದು ಏನು ಅಂತ ಗೊತ್ತಿಲ್ಲದೆ ಹೋದರೆ ಬರೀ ಒರಟು ಬಂಡೆ ನೋಡಿಕೊಂಡು ವಾಪಸ್ ಬರುತ್ತೀರಿ.

ಜಾಗ ಇರುವುದು ಇಂಡಿಯಾನಾದ ಕ್ಲಾರ್ಕ್ಸ್‌ವಿಲ್‌ನಲ್ಲಿ, ಓಹಾಯೋ ನದಿಯ ದಡದಲ್ಲಿ. ಎದುರು ದಡಕ್ಕೆ ಲೂಯಿವಿಲ್ ಊರು ಕಾಣುತ್ತದೆ. ಹೆಸರಲ್ಲಿ ಫಾಲ್ಸ್ ಅಂತ ಇದೆ, ಆದರೆ ಜೋಗವನ್ನು ನೆನೆಸಿಕೊಂಡು ಹೋಗಬೇಡಿ. ಹಿಂದೆ ನದಿ ಇಲ್ಲಿ ಎರಡು ಮೈಲಿಗಿಂತ ಜಾಸ್ತಿ ದೂರ ಬಂಡೆಗಳ ಮೇಲೆ ಹರಿದು ಸುಮಾರು 26 ಅಡಿ ಇಳಿಯುತ್ತಿತ್ತು, ಅಷ್ಟೇ. ದೋಣಿಗಳು ದಾಟುವುದು ಕಷ್ಟ ಇದ್ದಿದ್ದರಿಂದ ಇಲ್ಲಿ ಊರುಗಳು ಹುಟ್ಟಿಕೊಂಡವು. 1803ರಲ್ಲಿ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಭೇಟಿಯಾಗಿ ಪಶ್ಚಿಮಕ್ಕೆ ಹೊರಟಿದ್ದೂ ಇಲ್ಲಿಂದಲೇ. ಈಗ ಅಣೆಕಟ್ಟು ಇದೆ. ಅದರಿಂದಾಗಿಯೇ ಕೆಳಗಿನ ಬಂಡೆಗಳ ಮೇಲಿನ ನೀರು ಸರಿದು ನಮಗೆ ಓಡಾಡುವುದಕ್ಕೆ ಸಿಗುತ್ತದೆ.

ಆ ಬಂಡೆ ಅಂದ್ರೆ ಸುಣ್ಣಕಲ್ಲು. ಡೆವೋನಿಯನ್ ಕಾಲದ್ದು, ಸುಮಾರು 39 ಕೋಟಿ ವರ್ಷ ಹಳೆಯದು. ಆಗ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು, ಮೇಲೆ ಬೆಚ್ಚಗಿನ ಆಳವಿಲ್ಲದ ಸಮುದ್ರ. ಡೈನೋಸಾರ್ ಬರುವುದಕ್ಕೆ ಇನ್ನೂ ಹತ್ತಿರ ಹತ್ತಿರ 15 ಕೋಟಿ ವರ್ಷ ಬಾಕಿ ಇತ್ತು. ಆ ಸಮುದ್ರದ ತಳವೇ ಈಗ ನಿಮ್ಮ ಕಾಲ ಕೆಳಗಿರುವುದು. ಇಲ್ಲಿ 600ಕ್ಕೂ ಹೆಚ್ಚು ಜಾತಿಯ ಪಳೆಯುಳಿಕೆ ಸಿಕ್ಕಿವೆ, ಅವುಗಳಲ್ಲಿ ಬಹಳಷ್ಟನ್ನು ಜಗತ್ತು ಮೊದಲು ಗುರುತಿಸಿದ್ದೇ ಇಲ್ಲಿಂದ.

ಮೊದಲು ಮೇಲಿನ ಮ್ಯೂಸಿಯಂ ನೋಡಿ, ಆಮೇಲೆ ಮೆಟ್ಟಿಲಿಳಿದು ಬಂಡೆಗೆ ಹೋಗಿ. ಈ ಕ್ರಮ ತಪ್ಪಿಸಬೇಡಿ. ಒಳಗೆ ಡೆವೋನಿಯನ್ ಸಮುದ್ರ ಹೇಗಿತ್ತು ಅಂತ ತೋರಿಸಿದ್ದಾರೆ, ಅಕ್ವೇರಿಯಂ ಇದೆ, ಈ ನದಿ ದಡದ ಜನರ ಕಥೆಯೂ ಇದೆ. ಕಣ್ಣು ಅಲ್ಲಿ ಸ್ವಲ್ಪ ಪಳಗುತ್ತದೆ.

ಕೆಳಗಿಳಿದಾಗ ಎರಡು ಬಾಟಲಿ ನೀರು ಕೈಯಲ್ಲಿರಲಿ, ಕುಡಿಯೋಕೆ ಒಂದು, ಕಲ್ಲಿನ ಮೇಲೆ ಹಾಕೋಕೆ ಇನ್ನೊಂದು. ಒಣಗಿದ ಬಂಡೆ ಬೂದುಬಣ್ಣದ್ದು, ಏನೂ ಕಾಣುವುದಿಲ್ಲ. ಒಂದು ಬೊಗಸೆ ನೀರು ಚಿಮುಕಿಸಿ ನೋಡಿ. ಬಣ್ಣ ಗಾಢವಾಗುತ್ತದೆ, ಅದುವರೆಗೂ ಕಾಣದಿದ್ದ ಗೂಡುಗಳು, ಗೆರೆಗಳು ಎದ್ದು ಬರುತ್ತವೆ. ಜೇನುಗೂಡಿನ ಹವಳ ಅಂತ ಒಂದು ಜಾತಿ, ಒತ್ತೊತ್ತಾಗಿ ಆರು ಮೂಲೆಯ ಸಣ್ಣ ಸಣ್ಣ ಮನೆಗಳು, ಒಂದೊಂದು ಮನೆಯಲ್ಲೂ ಒಂದೊಂದು ಜೀವ ಇತ್ತು. ಇನ್ನೊಂದು ಕೊಂಬು ಹವಳ, ಒಂಟಿ ಜೀವ, ಬುಡ ಚೂಪು, ಬಾಯಿ ಅಗಲ. ಕೆಲವು ಬೆರಳಷ್ಟು, ಕೆಲವು ತೋಳಿನಷ್ಟು ಉದ್ದ. ಅಡ್ಡಕ್ಕೆ ಸವೆದಿರುವ ಕಡೆ ನೋಡಿದರೆ ನಡುವಿನಿಂದ ಸುತ್ತಲೂ ಹೊರಟ ಗೋಡೆಗಳು ಕಾಣುತ್ತವೆ. ಕೆಲವು ಬೆಳೆದ ಜಾಗದಲ್ಲೇ ನಿಂತಿವೆ, ಕೆಲವು ಅಂದಿನ ಬಿರುಗಾಳಿಗೆ ಉರುಳಿ ತಲೆಕೆಳಗಾಗಿ ಬಿದ್ದಿವೆ. ಭೂವಿಜ್ಞಾನಿಗಳು ಇದನ್ನು ಪೂರ್ತಿ ಅರ್ಥದ ಹವಳದ ದಿಬ್ಬ (ರೀಫ್) ಅನ್ನುವುದಿಲ್ಲ. ಸಮುದ್ರದ ತಳದಲ್ಲಿ ಚಪ್ಪಟೆಯಾಗಿ ಹರಡಿಕೊಂಡಿದ್ದ ಹವಳದ ಪದರ ಅನ್ನುತ್ತಾರೆ.

ಅಮ್ಮ ಮೊದಲು ಕೇಳಿದ್ದು, "ಇದೇನಾ ಹವಳ? ಕೆಂಪಗೇ ಇಲ್ವಲ್ಲ." ನಮ್ಮ ಸರದಲ್ಲಿರುವ ಕೆಂಪು ಹವಳದ ಜಾತಿಯೇ ಬೇರೆ, ಅದು ದಿಬ್ಬ ಕಟ್ಟುವುದಿಲ್ಲ. ಇಲ್ಲಿ ಕಾಣುವ ಕುಲ ಈಗ ಜಗತ್ತಿನಲ್ಲಿ ಎಲ್ಲೂ ಇಲ್ಲ, ಸುಮಾರು 25 ಕೋಟಿ ವರ್ಷದ ಹಿಂದೆ ಒಂದು ಮಹಾ ಅಳಿವಿನಲ್ಲಿ ಪೂರ್ತಿ ಹೋಯಿತು. ಅಪ್ಪ ಮಾತ್ರ ಏನೂ ಕೇಳದೆ ಒಂದು ಕೊಂಬು ಹವಳದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಮೇಲಿನ ಉಂಗುರಗಳ ಮೇಲೆ ಉಗುರು ಆಡಿಸುತ್ತಿದ್ದರು. ಆಮೇಲೆ ಮೊಮ್ಮಗಳನ್ನು ಕರೆದು, "ಪುಟ್ಟಿ, ಹಸು ಕೊಳ್ಳೋಕೆ ಸಂತೆಗೆ ಹೋದಾಗ ಕೊಂಬಿನ ಬುಡದಲ್ಲಿ ಹೀಗೇ ಉಂಗುರ ಎಣಿಸಿ ವಯಸ್ಸು ಹೇಳ್ತಿದ್ವಿ" ಅಂದರು. ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಒಂದು ಹವಳ ಎಷ್ಟು ವರ್ಷ ಬೆಳೆಯಿತು ಅಂತ ಹೇಳುವುದು ಆ ಉಂಗುರಗಳೇ.

ಈ ಜಾಗ ನನಗೆ ಇಷ್ಟೊಂದು ಮುಖ್ಯ ಆಗಿದ್ದಕ್ಕೆ ಕಾರಣ ಇದೆ. ನಾವಿರುವ ಸೀಮೆಯಲ್ಲಿ ಭೂಮಿಯ ವಯಸ್ಸು ದಿನನಿತ್ಯದ ಚರ್ಚೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಕೆಂಟಕಿಯ ಪೀಟರ್ಸ್‌ಬರ್ಗ್‌ನಲ್ಲಿ 2007ರಲ್ಲಿ ಕ್ರಿಯೇಷನ್ ಮ್ಯೂಸಿಯಂ ಶುರುವಾಯಿತು, 2016ರಲ್ಲಿ ವಿಲಿಯಮ್ಸ್‌ಟೌನ್‌ನಲ್ಲಿ ಬೈಬಲ್ ಕಥೆಯ ನೋಹನ ನಾವೆಯ ದೊಡ್ಡ ಮರದ ಮಾದರಿ ಬಂತು. ಭೂಮಿಗೆ ಸುಮಾರು 6,000 ವರ್ಷ, ಪಳೆಯುಳಿಕೆಗಳು ಬಹುಪಾಲು ಒಂದೇ ಜಲಪ್ರಳಯದಲ್ಲಿ ಆದವು ಎನ್ನುವುದು ಇವನ್ನು ಕಟ್ಟಿದವರ ನಂಬಿಕೆ. 17ನೇ ಶತಮಾನದ ಪಾದ್ರಿ ಜೇಮ್ಸ್ ಅಷರ್ ಬೈಬಲ್ ಲೆಕ್ಕ ಹಿಡಿದು ಸೃಷ್ಟಿ ಕ್ರಿ.ಪೂ. 4004ರಲ್ಲಿ ಆಯಿತು ಅಂದಿದ್ದರು, ಆ ಲೆಕ್ಕದ ಹತ್ತಿರದ್ದೇ ಇದು. ಎಲ್ಲ ಕ್ರೈಸ್ತರೂ ಹೀಗೆ ನಂಬುತ್ತಾರೆ ಅಂತ ತಿಳಿಯಬೇಡಿ, ಕೋಟ್ಯಂತರ ವರ್ಷದ ಭೂಮಿಯನ್ನು ಒಪ್ಪುವವರು ತುಂಬಾ ಜನ ಇದ್ದಾರೆ. ಆದರೆ ನಮ್ಮ ಬೀದಿಯಲ್ಲೇ ಇರುವ ಒಬ್ಬರು 6,000 ವರ್ಷವನ್ನು ಗಟ್ಟಿಯಾಗಿ ನಂಬುವವರು. ಬಹಳ ಒಳ್ಳೆಯ ಮನುಷ್ಯ. ಹಿಮ ಬಿದ್ದರೆ ನಮ್ಮ ಬಾಗಿಲ ಮುಂದಿನದನ್ನೂ ತಾವೇ ಎಳೆದು ಹಾಕಿ ಹೋಗುತ್ತಾರೆ. ಅವರ ಮಗಳು ನನ್ನ ಮಗಳ ಕ್ಲಾಸ್‌ಮೇಟ್. ಆ ಹುಡುಗಿ ಒಂದು ದಿನ ಇವಳಿಗೆ ಹೇಳಿದ್ದು ಇಷ್ಟು: ಹವಳ ವರ್ಷಕ್ಕೆ ಗೇಣುದ್ದ ಬೆಳೆಯುತ್ತೆ, ಹಾಗಿದ್ದ ಮೇಲೆ ಎಷ್ಟು ದೊಡ್ಡ ದಿಬ್ಬ ಆದರೂ ಕೆಲವು ಸಾವಿರ ವರ್ಷ ಸಾಕಲ್ಲ, ಕೋಟಿ ಯಾಕೆ ಬೇಕು?

ಪ್ರಶ್ನೆ ಚೆನ್ನಾಗಿದೆ. ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ನಿಮ್ಮ ಮಕ್ಕಳೂ ಶಾಲೆಯಲ್ಲಿ ಇದೇ ಮಾತು ಕೇಳಿಕೊಂಡು ಬರಬಹುದು.

ಕವಲೊಡೆಯುವ ಕೊಂಬೆ ಹವಳ ವರ್ಷಕ್ಕೆ 10ರಿಂದ 20 ಸೆಂಟಿಮೀಟರ್ ಬೆಳೆಯುತ್ತದೆ, ನಿಜ. ಬಂಡೆಯ ಹಾಗೆ ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ 1 ಸೆಂಟಿಮೀಟರ್ ಆಸುಪಾಸು. ಆದರೆ ದಿಬ್ಬ ಬೆಳೆಯುವುದು ಕೊಂಬೆಯ ವೇಗದಲ್ಲಲ್ಲ. ಬಿರುಗಾಳಿ ಬಂದಾಗ ಕೊಂಬೆ ಮುರಿಯುತ್ತದೆ. ಗಿಳಿಮೀನುಗಳು ಹವಳವನ್ನು ಕಡಿದು ಮರಳು ಮಾಡುತ್ತವೆ, ಸ್ಪಂಜುಗಳು ಒಳಗೆ ಕೊರೆಯುತ್ತವೆ, ಅರ್ಧ ಮರಳನ್ನು ಅಲೆ ಎಳೆದುಕೊಂಡು ಹೋಗುತ್ತದೆ. ಉಳಿದಿದ್ದು ಗಟ್ಟಿಯಾಗಿ ಕೂತು ದಿಬ್ಬ ಮೇಲಕ್ಕೆ ಏರುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಎಲ್ಲ ಅನುಕೂಲ ಕೂಡಿಬಂದ ಕಡೆ 1 ಸೆಂಟಿಮೀಟರ್ ಆಸುಪಾಸು.

ಪೆಸಿಫಿಕ್‌ನ ಎನಿವೆಟಾಕ್ ಹವಳದ್ವೀಪದಲ್ಲಿ 1952ರಲ್ಲಿ ಕೊಳವೆ ಕೊರೆದರು. ಸುಮಾರು 1,400 ಮೀಟರ್ ಸುಣ್ಣಕಲ್ಲು ದಾಟಿದ ಮೇಲೆ ಜ್ವಾಲಾಮುಖಿಯ ಕಪ್ಪು ಕಲ್ಲು ಸಿಕ್ಕಿತು. ಜ್ವಾಲಾಮುಖಿ ದ್ವೀಪ ನಿಧಾನವಾಗಿ ಮುಳುಗುತ್ತಾ ಹೋಗುತ್ತದೆ, ಹವಳ ಅದರ ಮೇಲೆ ಬೆಳೆಯುತ್ತಾ ಬರುತ್ತದೆ ಅಂತ ಡಾರ್ವಿನ್ 1842ರಲ್ಲೇ ಬರೆದಿದ್ದ, ಅದು ಸರಿ ಅಂತ ಅಲ್ಲಿ ಕಣ್ಣಿಗೆ ಕಂಡಿತು. ಈಗ ಕೊಂಬೆಯ ವೇಗ, ಅಂದ್ರೆ ವರ್ಷಕ್ಕೆ 20 ಸೆಂಟಿಮೀಟರ್ ಹಿಡಿದು ಭಾಗಿಸಿ, 7,000 ವರ್ಷ ಬರುತ್ತದೆ. ಆ ಹುಡುಗಿಯ ಲೆಕ್ಕ ಬರುವುದು ಹೀಗೆ. ವರ್ಷಕ್ಕೆ 5 ಮಿಲಿಮೀಟರ್ ಹಿಡಿದರೆ 2 ಲಕ್ಷ 80 ಸಾವಿರ. ಆದರೆ ಆ ಕೊಳವೆಯ ತಳದ ಪಳೆಯುಳಿಕೆಗಳು ಇಯೊಸೀನ್ ಕಾಲದವು, ಅಂದ್ರೆ ಮೂರೂವರೆ ಕೋಟಿ ವರ್ಷಕ್ಕಿಂತ ಹಳೆಯವು. ಹಾಗಾದರೆ ಎರಡೂ ಲೆಕ್ಕ ತಪ್ಪಲ್ವಾ?

ಭಾಗಾಕಾರದಲ್ಲಿ ತಪ್ಪಿಲ್ಲ. ದಿಬ್ಬ ಸಮುದ್ರದ ಮಟ್ಟ ದಾಟಿ ಬೆಳೆಯಲಾರದು ಎನ್ನುವುದನ್ನು ಆ ಲೆಕ್ಕ ಬಿಟ್ಟಿದೆ. ಹವಳಕ್ಕೆ ಎಷ್ಟೇ ಶಕ್ತಿ ಇದ್ದರೂ ಮೇಲೆ ನೀರಿರಬೇಕು. ಕೆಳಗಿನ ದ್ವೀಪ ಮುಳುಗಿದಷ್ಟೇ ಜಾಗ, ಅಷ್ಟೇ ಬೆಳವಣಿಗೆ. ದ್ವೀಪ ಮುಳುಗುವುದು ಹವಳದ ವೇಗಕ್ಕಿಂತ ಎಷ್ಟೋ ಪಟ್ಟು ನಿಧಾನ. ನಡುನಡುವೆ ಸಮುದ್ರ ಕೆಳಗಿಳಿದಾಗ ದಿಬ್ಬ ಒಣನೆಲ ಆಗಿ ನಿಂತು ಮಳೆಗೆ ಕರಗಿದೆ. ಇದಕ್ಕೆ ಸಾಕ್ಷಿ ಬೇಕಾ? ಎನಿವೆಟಾಕ್, ಪೆಸಿಫಿಕ್ಕಿನ ಇನ್ನೊಂದು ಹವಳದ್ವೀಪ ಬಿಕಿನಿ, ಈ ಎರಡು ಕಡೆಯ ಕೊಳವೆಗಳಲ್ಲಿ ಆಳದಿಂದ ನೆಲದ ಮೇಲೆ ಬದುಕುವ ಬಸವನಹುಳುವಿನ ಚಿಪ್ಪು ಸಿಕ್ಕಿದೆ, ಗಿಡಗಳ ಪರಾಗ ಸಿಕ್ಕಿದೆ. ನನಗೆ ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಬಲವಾದ ಪುರಾವೆ ಅನ್ನಿಸಿದ್ದು ಅದೇ ಪುಟ್ಟ ಚಿಪ್ಪು. ಸಮುದ್ರದ ಕೆಳಗೆ ನೂರಾರು ಅಡಿ ಆಳದ ಕಲ್ಲಿನೊಳಗೆ ನೆಲದ ಬಸವನಹುಳು ಇದೆ ಅಂದ್ರೆ ಅಲ್ಲಿ ಒಂದು ಕಾಲದಲ್ಲಿ ಒಣನೆಲ ಇತ್ತು, ಗಿಡ ಇತ್ತು. ಒಂದೇ ವರ್ಷದ ಪ್ರಳಯದಲ್ಲಿ ಅದಕ್ಕೆ ಜಾಗ ಎಲ್ಲಿದೆ? ದಪ್ಪವನ್ನು ವೇಗದಿಂದ ಭಾಗಿಸಿದರೆ ಸಿಗುವುದು ಕನಿಷ್ಠ ವಯಸ್ಸು ಮಾತ್ರ. ಇದಕ್ಕಿಂತ ಕಡಿಮೆ ಇರಲಾರದು ಅಂತ ಅರ್ಥ, ಇಷ್ಟೇ ಅಂತ ಅಲ್ಲ.

ಹವಳದ ಉಂಗುರ ವರ್ಷಕ್ಕೊಂದೇ ಅಂತ ಹೇಗೆ ಗೊತ್ತು ಅನ್ನುವುದೂ ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವೂ ಎನಿವೆಟಾಕ್‌ನಲ್ಲೇ ಇದೆ. ಅಮೆರಿಕ ಅಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿತ್ತು, ಹವಳಗಳು ಆ ವಿಕಿರಣವನ್ನು ತಮ್ಮ ಅಸ್ಥಿಯೊಳಗೆ ಸೇರಿಸಿಕೊಂಡಿದ್ದವು. ಆಮೇಲೆ ಹವಳ ಕತ್ತರಿಸಿ ಎಕ್ಸ್‌ರೇ ತೆಗೆದು ಪಟ್ಟಿ ಎಣಿಸಿದಾಗ ವಿಕಿರಣ ಇರುವ ಪಟ್ಟಿಗಳು ಪರೀಕ್ಷೆ ನಡೆದ ವರ್ಷಗಳಿಗೆ ತಾಳೆಯಾದವು. 1972ರಲ್ಲಿ ಪ್ರಕಟವಾದ ಕೆಲಸ ಅದು. ಅಲ್ಲಿನ ಜನ ಮನೆಮಠ ಬಿಟ್ಟು ಹೋಗಬೇಕಾಗಿ ಬಂದಿದ್ದನ್ನು ನೆನೆದರೆ ಸಂಕಟ ಆಗುತ್ತದೆ, ಆದರೂ ಹವಳ ಬರೆದಿಟ್ಟ ಲೆಕ್ಕ ಸುಳ್ಳಲ್ಲ.

ಈಗ ಅಪ್ಪ ಉಗುರು ಆಡಿಸಿದ ಕೊಂಬು ಹವಳಕ್ಕೆ ಬರುತ್ತೇನೆ. ಕಣ್ಣಿಗೆ ಕಾಣುವ ದಪ್ಪ ಉಂಗುರಗಳ ನಡುವೆ ಬಹಳ ಸಣ್ಣ ಗೆರೆಗಳಿರುತ್ತವೆ, ದಿನಕ್ಕೊಂದು. ನದಿ ಸವೆಸಿದ ಬಂಡೆಯಲ್ಲಿ ಅವು ಸಿಗುವುದು ಕಷ್ಟ, ಹೊರಪದರ ಕೆಡದೆ ಉಳಿದ ಮಾದರಿ ಬೇಕು, ಲೆನ್ಸ್ ಬೇಕು, ತಾಳ್ಮೆ ಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ವೆಲ್ಸ್ ಈ ಕೆಲಸ ಮಾಡಿದರು. ಈಗಿನ ಹವಳದಲ್ಲಿ ಒಂದು ವರ್ಷದ ಬೆಳವಣಿಗೆಗೆ ಸುಮಾರು 360 ಗೆರೆ ಸಿಕ್ಕಿತು. ಡೆವೋನಿಯನ್ ಕಾಲದ ಹವಳದಲ್ಲಿ 385ರಿಂದ 410, ಹೆಚ್ಚುಕಡಿಮೆ 400. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸ್ವಲ್ಪ ದಿನದಲ್ಲೇ ಕಾಲಿನ್ ಸ್ಕ್ರಟನ್ ಎನ್ನುವ ಇನ್ನೊಬ್ಬ ವಿಜ್ಞಾನಿ ಬೇರೆ ದಾರಿ ಹಿಡಿದರು. ಗೆರೆಗಳು 30 ಚಿಲ್ಲರೆಯ ಗುಂಪುಗಳಾಗಿ ಕಂಡವು, ಚಾಂದ್ರಮಾನ ತಿಂಗಳಿಗೊಂದು ಗುಂಪು, ವರ್ಷಕ್ಕೆ 13. ಗುಣಿಸಿದರೆ ಮತ್ತೆ 400ರ ಹತ್ತಿರ.

ವರ್ಷಕ್ಕೆ 400 ದಿನ ಅಂದ್ರೆ ದಿನಕ್ಕೆ 22 ಗಂಟೆ. ಭೂಮಿ ಆಗ ಜೋರಾಗಿ ಸುತ್ತುತ್ತಿತ್ತು. ಚಂದ್ರನಿಂದ ಆಗುವ ಉಬ್ಬರವಿಳಿತ ಭೂಮಿಯ ತಿರುಗಾಟಕ್ಕೆ ಸಣ್ಣಗೆ ತಡೆ ಹಾಕುತ್ತಲೇ ಇದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದ್ದಾನೆ. ಅಪೊಲೊ ಯಾತ್ರಿಗಳು ಇಟ್ಟು ಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ಇದನ್ನು ಅಳೆದಿದ್ದಾರೆ. ದಿನ ಉದ್ದವಾಗುವುದು ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡ್. ಮಗಳ ಜೊತೆ ಅಲ್ಲೇ ಮರದ ನೆರಳಲ್ಲಿ ಕೂತು ಲೆಕ್ಕ ಮಾಡಿದೆವು. 39 ಕೋಟಿ ವರ್ಷ ಅಂದ್ರೆ 39 ಲಕ್ಷ ಶತಮಾನ. ಗುಣಿಸಿದರೆ 78 ಲಕ್ಷ ಮಿಲಿಸೆಕೆಂಡ್, ಅಂದ್ರೆ 7,800 ಸೆಕೆಂಡ್, ಅಂದ್ರೆ 2 ಗಂಟೆ 10 ನಿಮಿಷ. 24ರಲ್ಲಿ ಕಳೆಯಿರಿ. 21 ಗಂಟೆ 50 ನಿಮಿಷ. ವರ್ಷಕ್ಕೆ 401 ದಿನ ಬರುತ್ತದೆ. ತಡೆಯ ವೇಗ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ, ಹಾಗಾಗಿ ಇದು ಒರಟು ಲೆಕ್ಕ. ಆದರೂ ನೋಡಿ, ಕಲ್ಲಿನ ವಯಸ್ಸು ಹೇಳಿದ್ದು ವಿಕಿರಣ ಧಾತುಗಳು, ದಿನದ ಉದ್ದ ಹೇಳಿದ್ದು ಚಂದ್ರ, ಗೆರೆ ಎಳೆದಿದ್ದು ಹವಳ. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. 2020ರಲ್ಲಿ 7 ಕೋಟಿ ವರ್ಷ ಹಳೆಯ ಒಂದು ಚಿಪ್ಪುಜೀವಿಯ ಗೆರೆ ಎಣಿಸಿದವರಿಗೆ ವರ್ಷಕ್ಕೆ 372 ದಿನ ಸಿಕ್ಕಿತು. 400ಕ್ಕೂ 365ಕ್ಕೂ ನಡುವೆ, ಎಲ್ಲಿರಬೇಕೋ ಅಲ್ಲೇ.

ಲೆಕ್ಕ ಮುಗಿದಾಗ ಅಪ್ಪ ಒಂದು ಮಾತು ಹೇಳಿದರು. "ನಮ್ಮ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪೇ ಅಂತೀವಲ್ಲ, ಕಲ್ಪ ಅಂದ್ರೆ 432 ಕೋಟಿ ವರ್ಷ. ನಮ್ಮವರು ಆಗಲೇ ಹೇಳಿದ್ರು ನೋಡು." ಭೂಮಿಗೆ ಈಗ ಹೇಳುವ ವಯಸ್ಸು 454 ಕೋಟಿ, ಸಂಖ್ಯೆ ಹತ್ತಿರ ಇದೆ, ಕೇಳೋಕೆ ಖುಷಿಯೂ ಆಗುತ್ತದೆ. ಆದರೆ ನಾನು ಅಪ್ಪನಿಗೆ ಹೇಳಿದ್ದು ಇಷ್ಟೇ, ನಮ್ಮ ಗ್ರಂಥದ ಸಂಖ್ಯೆ ಹೊಂದುತ್ತೆ ಅಂತ ನಾವು ಹಿಡಿದುಕೊಂಡರೆ ಪಕ್ಕದ ಮನೆಯವರಿಗೆ ನಿಮ್ಮ ಗ್ರಂಥದ ಸಂಖ್ಯೆ ಬಿಡಿ ಅನ್ನುವ ಹಕ್ಕು ನಮಗೆ ಇರುವುದಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿ ಬಿಡು" ಅಂದು ಇನ್ನೊಂದು ಬಂಡೆಗೆ ನೀರು ಹಾಕಲು ಹೋದರು.

ಊರಲ್ಲಿ ಇಂಥದ್ದು ಸಿಗುತ್ತಾ ಅಂತ ಅಮ್ಮ ಕೇಳಿದರು. ನಮ್ಮ ಹಳೇ ಮನೆಯ ನೆಲಕ್ಕೆ ಹಾಕಿರುವ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ, ಸಮುದ್ರದ ತಳದಲ್ಲೇ ಆಗಿದ್ದು. ಆದರೆ ಅದರಲ್ಲಿ ಎಷ್ಟು ಹುಡುಕಿದರೂ ಹವಳ ಸಿಗುವುದಿಲ್ಲ, ಆ ಸಮುದ್ರ ಇದ್ದ ಕಾಲಕ್ಕೆ ಹವಳ ಎನ್ನುವ ಜೀವ ಇನ್ನೂ ಹುಟ್ಟಿರಲೇ ಇಲ್ಲ. ಲಾಲ್‌ಬಾಗ್ ಬಂಡೆಯಂತೂ 300 ಕೋಟಿ ವರ್ಷದ್ದು. ಈ ಜಾಗ ನೋಡಿದ ಮೇಲೆ ಊರಿನ ಕಲ್ಲಿನ ಮೇಲೂ ಗೌರವ ಜಾಸ್ತಿ ಆಯಿತು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಲೇ ಇದೆ. ದಿಬ್ಬ ವರ್ಷಕ್ಕೆ ಕೆಲವೇ ಮಿಲಿಮೀಟರ್ ಏರುತ್ತದೆ ಅಂದೆನಲ್ಲ, ಸಮುದ್ರ ಈಗ ವರ್ಷಕ್ಕೆ 4 ಮಿಲಿಮೀಟರ್ ಆಸುಪಾಸು ಏರುತ್ತಿದೆ. ಆರೋಗ್ಯವಾಗಿರುವ ದಿಬ್ಬ ಜೊತೆಗೆ ಏರಬಲ್ಲದು. ನೀರು ಬಿಸಿಯಾಗಿ ಬಿಳಿಚಿಕೊಂಡಿರುವ ದಿಬ್ಬಕ್ಕೆ ಆ ಶಕ್ತಿ ಇಲ್ಲ. 1998, 2010, 2016, 2024, ಲಕ್ಷದ್ವೀಪದ ಹವಳ ಮತ್ತೆ ಮತ್ತೆ ಬಿಳಿಚಿಕೊಂಡಿದೆ, ಆ ದ್ವೀಪಗಳೋ ನಿಂತಿರುವುದೇ ಹವಳದ ಮೇಲೆ. ಮಂಗಳೂರಿನಿಂದ ಸಮುದ್ರದ ಆಚೆ ನೋಡಿದರೆ ಅವರೇ ನಮ್ಮ ನೆರೆಯವರು. ಅಮಿನಿ, ಕಡಮತ್ ಕಡೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹವಳ ಎಷ್ಟು ಬೇಗ ಬೆಳೆಯುತ್ತದೆ ಅನ್ನುವ ಪ್ರಶ್ನೆ ಅಲ್ಲಿನವರಿಗೆ ವಾದದ ವಿಷಯ ಅಲ್ಲ, ಮನೆ ಉಳಿಯುತ್ತೋ ಇಲ್ಲವೋ ಅನ್ನುವುದು.

ಹೋಗುವವರಿಗೆ ಕೆಲವು ಮಾತು. ಆಗಸ್ಟ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ, ಆಗ ನದಿ ಇಳಿದಿರುತ್ತದೆ, ಬಂಡೆ ಪೂರ್ತಿ ಕಾಣುತ್ತದೆ. ವಸಂತದಲ್ಲಿ ನೀರು ತುಂಬಿ ಎಲ್ಲ ಮುಳುಗಿಬಿಟ್ಟಿರುತ್ತದೆ, ಅಷ್ಟು ದೂರ ಹೋಗಿ ಬರೀ ಮ್ಯೂಸಿಯಂ ನೋಡಿ ಬರಬೇಕಾಗುತ್ತದೆ. ಒಂದೇ ಒಂದು ಕಲ್ಲನ್ನೂ ಎತ್ತಿಕೊಂಡು ಬರುವ ಹಾಗಿಲ್ಲ, ಕಾನೂನಿದೆ, ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ನೋಡಬಹುದು, ಮುಟ್ಟಬಹುದು, ಫೋಟೊ ತೆಗೆಯಬಹುದು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋದರೆ ಓರೆ ಬಿಸಿಲಿಗೆ ಉಂಗುರಗಳು ಇನ್ನೂ ಚೆನ್ನಾಗಿ ಎದ್ದು ಕಾಣುತ್ತವೆ, ಫೋಟೊಗೂ ಅದೇ ಒಳ್ಳೆಯದು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಬೇಕು, ಪಾಚಿ ಕಟ್ಟಿದ ಕಡೆ ಜಾರುತ್ತದೆ. ಮಂಡಿ ನೋವಿರುವ ಹಿರಿಯರಿಗೆ ಮೆಟ್ಟಿಲು, ಏರುಪೇರಿನ ಬಂಡೆ ಎರಡೂ ಕಷ್ಟ. ಅಮ್ಮ ಮೊದಲನೇ ಬಂಡೆಯ ಹತ್ತಿರವೇ ಕೂತರು, ಅಲ್ಲೇ ಬೇಕಾದಷ್ಟು ಹವಳ ಇದೆ, ಜಾಸ್ತಿ ದೂರ ಹೋಗಬೇಕಾಗಿಯೇ ಇಲ್ಲ. ನೆರಳು ಕಡಿಮೆ, ಟೋಪಿ ಇರಲಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ, ಮೇಲೆ ಕೂತು ತಿನ್ನೋಕೆ ಜಾಗ ಇದೆ. ಅಲ್ಲಿರುವ ಸಿಬ್ಬಂದಿ, ವಾಲಂಟಿಯರ್‌ಗಳನ್ನು ಮಾತಾಡಿಸಿ. ನಮಗೆ ಸಿಕ್ಕ ಹಿರಿಯರೊಬ್ಬರು ಮಗಳ ಪ್ರಶ್ನೆಗೆ ನೇರ ಉತ್ತರ ಕೊಡದೆ ಅವಳ ಕೈಗೆ ಲೆನ್ಸ್ ಕೊಟ್ಟು, "ನೀನೇ ನೋಡಿ ಹೇಳು" ಅಂತ ಕೂರಿಸಿದರು. ಮುಂದಿನ ಸಲ ಆ ಗೆಳತಿಯನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಹೋಗೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ನಾನು ಕೇಳಿದೆ, ಅವರು ಒಪ್ಪಿದ್ದಾರೆ, ಸೆಪ್ಟೆಂಬರಿನಲ್ಲಿ ನೀರು ಇಳಿದ ಮೇಲೆ ಹೋಗುತ್ತೇವೆ.